ಆಕಳು ಕುಂಟುವ ಮೊದಲೇ ಬೆನ್ನು ನೋಡಿ

ನಮ್ಮ ಗೌರಿ ಹಿಂದಿನ ಬಲಗಾಲನ್ನು ಎತ್ತಿ ಎತ್ತಿ ಇಡತೊಡಗಿದಾಗ ಮನೆಯವರೆಲ್ಲ ಹೇಳಿದ್ದು ಒಂದೇ ಮಾತು: ‘ಎಲ್ಲೋ ಕಲ್ಲು ಚುಚ್ಚಿರಬೇಕು.’ ಆಗ ಅದು ಈದು ಮೂರು ತಿಂಗಳಾಗಿತ್ತು. ಹೊತ್ತಿಗೆ ಎಂಟು ಲೀಟರ್ ಕೊಡುತ್ತಿದ್ದ ಆಕಳು ಐದಕ್ಕೆ ಇಳಿದಿತ್ತು. ಪಶುವೈದ್ಯರು ಕಾಲು ಕಟ್ಟಿಸಿ ಹೊರಗಡೆಯ ಗೊರಸನ್ನು ಕೆರೆದು ನೋಡಿದರು. ಕಲ್ಲೂ ಇರಲಿಲ್ಲ, ಮುಳ್ಳೂ ಇರಲಿಲ್ಲ. ಗೊರಸಿನ ಅಡಿಯಲ್ಲಿ ಹುಣ್ಣಾಗಿತ್ತು. ‘ಇದು ಇವತ್ತಿನದಲ್ಲ, ಈಯುವ ಹೊತ್ತಿಗೇ ಶುರುವಾದದ್ದು. ಕೊಟ್ಟಿಗೆ ತೋರಿಸಿ’ ಎಂದರು.

ಗೊರಸು ಬೆಳೆಯುವುದು ತಿಂಗಳಿಗೆ ಹೆಚ್ಚುಕಡಿಮೆ ಅರ್ಧ ಸೆಂಟಿಮೀಟರ್. ಒಳಗೆ ಬಿದ್ದ ಪೆಟ್ಟು ಹೊರಗೆ ಕಾಣಲು ಎರಡು ಮೂರು ತಿಂಗಳೇ ಬೇಕು. ಅಷ್ಟರಲ್ಲಿ ನಾವು ಕಾರಣವನ್ನು ಮರೆತು ಕಲ್ಲು ಹುಡುಕುತ್ತಿರುತ್ತೇವೆ.

ಕುಂದಗೋಳದ ಕಡೆಯ ಎರೆಭೂಮಿಯ ಮಳೆಗಾಲ ಬಲ್ಲವರು ಸಿಮೆಂಟ್ ನೆಲ ಹಾಕಿಸಿದ್ದಕ್ಕೆ ನನ್ನನ್ನು ಬೈಯಲಾರರು. ಸಾಲ ಕೊಟ್ಟವರು ಕೊಟ್ಟಿಗೆಯ ಉದ್ದ ಅಗಲ ಅಳೆದರು, ಆಕಳು ಎಲ್ಲಿ ಮಲಗುತ್ತದೆ ಎಂದು ಕೇಳಲಿಲ್ಲ. ನಾನೂ ಯೋಚಿಸಿರಲಿಲ್ಲ. ‘ಯಜಮಾನರೇ, ಗೌರಿಯ ಜಾಗದಲ್ಲಿ ಮೊಣಕಾಲೂರಿ ಕುಳಿತುಕೊಳ್ಳಿ’ ಎಂದರು ವೈದ್ಯರು. ಒಂದು ನಿಮಿಷಕ್ಕೇ ಮೊಣಕಾಲು ನೋಯತೊಡಗಿತು. ಎದ್ದಾಗ ಧೋತರ ಗಂಜಲದಲ್ಲಿ ತೋಯ್ದಿತ್ತು. ನಾಲ್ಕು ಕ್ವಿಂಟಲ್ ಭಾರದ ಜೀವ ದಿನಕ್ಕೆ 12 ತಾಸಾದರೂ ಮಲಗಬೇಕಾದ ಜಾಗ ಅದು! ಮಲಗಲು ಮನಸ್ಸಾಗದ ಆಕಳು ನಿಂತೇ ಇರುತ್ತದೆ. ನಿಂತಷ್ಟೂ ಹಿಂದಿನ ಹೊರಗೊರಸಿನ ಮೇಲೆ ಭಾರ. ಒದ್ದೆಯಲ್ಲಿ ನೆನೆದ ಗೊರಸು ಮೆತ್ತಗಾಗಿ ಬೇಗ ಸವೆಯುತ್ತದೆ. ಅದರ ಮೇಲೆ ನಾನು ಹಗ್ಗವನ್ನೂ ಗಿಡ್ಡ ಕಟ್ಟಿದ್ದೆ. ಆಕಳು ಏಳುವಾಗ ತಲೆಯನ್ನು ಮುಂದಕ್ಕೆ ಚಾಚಿ ಜೀಕಿ ಏಳಬೇಕು. ಅದಕ್ಕೆ ಎಡೆಯೇ ಇರಲಿಲ್ಲ. ಕಣಿಕೆ ಕಡಿಮೆ ಮಾಡಿ ಹಿಂಡಿಯನ್ನು ಒಮ್ಮೆಗೇ ಸುರಿಯುವುದೂ ತಪ್ಪು. ಹೊಟ್ಟೆಯಲ್ಲಿ ಹುಳಿ ಹೆಚ್ಚಾದರೆ ಗೊರಸಿಗೂ ಕೇಡು.

ಎತ್ತು ಕೊಳ್ಳುವಾಗ ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ, ಆಕಳು ಕೊಳ್ಳುವಾಗ ಕೆಚ್ಚಲು ಮಾತ್ರ ನೋಡುತ್ತೇವೆ. ಎತ್ತಿಗೆ ಲಾಳ ಕಟ್ಟಿಸುವ ನೆಪದಲ್ಲಾದರೂ ಗೊರಸು ಕೊಯ್ದು ಸಮ ಮಾಡಿಸುತ್ತಿದ್ದೆವು. ಆಕಳಿಗೆ ಆ ಭಾಗ್ಯ ಎಂದೂ ಇರಲಿಲ್ಲ. ಈಗ ಟ್ರ್ಯಾಕ್ಟರ್ ಬಂದು ಲಾಳ ಕಟ್ಟುವವರಿಗೆ ಕೆಲಸವಿಲ್ಲ. ಕತ್ತಿ ಹಿಡಿದು ಪಳಗಿದ ಆ ಕೈಗಳಿಗೆ ಆಕಳ ಗೊರಸು ತಿದ್ದುವ ತರಬೇತಿ ಕೊಡಬೇಕು, ಹಾಲಿನ ಸಂಘಗಳೇ ಕರೆದು ಕೂಲಿ ಕೊಡಬೇಕು. ದಿನಕ್ಕೆರಡು ಹೊತ್ತು ಕೊಬ್ಬಿನಂಶ ಅಳೆಯುವ ನಮಗೆ ವರ್ಷಕ್ಕೆರಡು ಸಲ ಕಾಲು ನೋಡುವುದು ಭಾರವೇ?

ಅಲ್ಲಿಯವರೆಗೆ ಕಣ್ಣಂತೂ ನಮ್ಮದೇ ಇದೆ. ಕಾಲು ನೋಯುವ ಆಕಳು ಬೆನ್ನು ಬಾಗಿಸುತ್ತದೆ. ಆಕಳನ್ನು ಸಮನೆಲದಲ್ಲಿ ನಡೆಸಿ, ಪಕ್ಕದಿಂದ ಬೆನ್ನು ನೋಡಿ. ನಿಂತಾಗಲೂ ನಡೆದಾಗಲೂ ಸಪಾಟಾಗಿದ್ದರೆ ಅಂಕ 1. ನಡೆಯುವಾಗ ಮಾತ್ರ ಬಿಲ್ಲಿನಂತೆ ಬಾಗಿದರೆ 2. ನಿಂತಾಗಲೂ ಬಾಗಿದ್ದರೆ 3. ಒಂದು ಕಾಲನ್ನು ಕಾಯ್ದುಕೊಂಡು ನಡೆದರೆ 4, ಆ ಕಾಲನ್ನು ಊರಲೇ ಆಗದಿದ್ದರೆ 5. ನಾವು ‘ಕುಂಟು’ ಎನ್ನುವ ಹೊತ್ತಿಗೆ ಅದು 4 ಆಗಿರುತ್ತದೆ. ಬೆದೆಗೆ ಬಂದರೂ ಇನ್ನೊಂದರ ಮೇಲೆ ಹಾರಲು ಕಾಲಿಲ್ಲದೆ ಆ ಸೂಚನೆಯೂ ನಮಗೆ ತಪ್ಪಿಹೋಗುತ್ತದೆ.

ಪ್ರತಿ ಭಾನುವಾರ ನೀರಿಗೆ ಬಿಡುವಾಗ ಹಾಲಿನ ಲೆಕ್ಕದ ಪುಸ್ತಕದಲ್ಲೇ ಆರೂ ಆಕಳುಗಳ ಅಂಕ ಬರೆಯುತ್ತಿದ್ದೇನೆ. ಗೌರಿ ಈಗ 2ಕ್ಕೆ ಬಂದಿದೆ. ಹಗ್ಗ ಉದ್ದವಾಗಿದೆ. ರಬ್ಬರ್ ಮ್ಯಾಟ್ ಸದ್ಯಕ್ಕೆ ಎರಡೇ ತರಲು ಸಾಧ್ಯವಾಯಿತು. ಒಂದು ಗೌರಿಗೆ, ಇನ್ನೊಂದು ಮುಂದಿನ ತಿಂಗಳು ಈಯಲಿರುವ ಚೊಚ್ಚಲು ಕಡಸಿಗೆ.