ಶಾಲೆಯ ಪೊರಕೆಗೆ ಸಲ್ಲಬೇಕಾದ ಗೌರವ

ನಮಗೆ ಗಾಂಧಿ ಜಯಂತಿಯಾದ ಅಕ್ಟೋಬರ್ 2ನ್ನು ಅಮೆರಿಕದ ಅನೇಕ ಶಾಲೆಗಳು ತಮ್ಮ ಕಸ್ಟೋಡಿಯನ್‌ಗಳನ್ನು, ಅಂದರೆ ಕಟ್ಟಡದ ಸ್ವಚ್ಛತೆ ಮತ್ತು ಉಸ್ತುವಾರಿ ನೋಡಿಕೊಳ್ಳುವವರನ್ನು, ಅಭಿನಂದಿಸುವ ದಿನವಾಗಿ ಆಚರಿಸುತ್ತವೆ. 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಕಕ್ಕಸು ಗಬ್ಬೆದ್ದಿದ್ದರೂ ಅದು ತಮ್ಮ ಕೆಲಸವಲ್ಲವೆಂದು ಸ್ವಯಂಸೇವಕರು ಹಿಂದೆ ಸರಿದಾಗ, ತಾವೇ ಪೊರಕೆ ಕೇಳಿ ಪಡೆದು ಗುಡಿಸಿದ ಗಾಂಧೀಜಿಯ ಜನ್ಮದಿನಕ್ಕೆ ಇದಕ್ಕಿಂತ ಒಪ್ಪುವ ಆಚರಣೆ ನನಗೆ ಹೊಳೆಯುವುದಿಲ್ಲ.

ನಾನಿರುವುದು ನ್ಯೂ ಜೆರ್ಸಿಯಲ್ಲಿ. ನನ್ನ ಮಗಳ ಶಾಲೆಯ ಕಸ್ಟೋಡಿಯನ್ ಚಳಿಗಾಲದಲ್ಲಿ ಬೆಳಕು ಹರಿಯುವ ಮೊದಲೇ ಬಂದು, ಮೆಟ್ಟಿಲಿನ ಹಿಮ ತೆಗೆದು, ಯಾರೂ ಜಾರದಂತೆ ಉಪ್ಪು ಎರಚಿರುತ್ತಾರೆ. ಬೂಟುಗಳು ನೆಲದ ಮೇಲೆ ಎಳೆದ ಕಪ್ಪು ಗೆರೆಗಳನ್ನು ಕೋಲಿನ ತುದಿಗೆ ಸಿಕ್ಕಿಸಿದ ಟೆನಿಸ್ ಚೆಂಡಿನಿಂದ ನಡೆಯುತ್ತಲೇ ಉಜ್ಜಿ ತೆಗೆಯುತ್ತಾರೆ. ತರಗತಿಯಲ್ಲಿ ಮಗುವೊಂದು ವಾಂತಿ ಮಾಡಿಕೊಂಡರೆ, ಅದರ ಮೇಲೆ ಪುಡಿ ಉದುರಿಸಿ, ಗಟ್ಟಿಯಾಗುವವರೆಗೆ ಕಾಯುತ್ತಾ, ನಾಚಿ ಅಳುತ್ತಿರುವ ಆ ಮಗುವಿನೊಡನೆ ಬೇರೇನೋ ಮಾತು ತೆಗೆಯುತ್ತಾರೆ. ಇದು ಯಾವ ನೇಮಕಾತಿ ಪತ್ರದಲ್ಲಿಯೂ ಬರೆದಿರುವ ಕೆಲಸವಲ್ಲ. ಮಕ್ಕಳು ಅವರನ್ನು ಶಿಕ್ಷಕರನ್ನು ಕರೆಯುವಂತೆಯೇ ಹೆಸರಿನ ಹಿಂದೆ ಮಿಸ್ಟರ್ ಸೇರಿಸಿ ಕರೆಯುತ್ತಾರೆ. ಚಳಿಗಾಲದಲ್ಲಿ ಶಾಲೆಯ ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ನಡೆಸಲು ಇಲ್ಲಿ ರಾಜ್ಯ ಸರ್ಕಾರ ಪರೀಕ್ಷೆ ನಡೆಸಿ ಕೊಡುವ ‘ಬ್ಲಾಕ್ ಸೀಲ್’ ಪರವಾನಗಿ ಬೇಕು. ಅದನ್ನು ಪಡೆದಿರುವ ಅವರನ್ನು ಕುಶಲಕರ್ಮಿಯೆಂದೇ ಎಲ್ಲರೂ ಕಾಣುತ್ತಾರೆ.

ಪ್ರೀತಿಯ ವಿಷಯದಲ್ಲಿ ನಮ್ಮ ಊರಿನ ಶಾಲೆ ಯಾವ ಶಾಲೆಗೂ ಕಡಿಮೆ ಇರಲಿಲ್ಲ. ನೇತುಹಾಕಿದ ರೈಲು ಕಂಬಿಯ ತುಂಡಿಗೆ ಬಡಿದು ಗಂಟೆ ಹೊಡೆಯುತ್ತಿದ್ದ, ಆಗಸ್ಟ್ 15ರ ಹಿಂದಿನ ಸಂಜೆ ಧ್ವಜಕಂಬದ ಹಗ್ಗವನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದ, ಜ್ವರ ಬಂದ ಮಗುವನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಮನೆ ಮುಟ್ಟಿಸುತ್ತಿದ್ದ ಜವಾನರು ನಮಗೆಲ್ಲ ಅಚ್ಚುಮೆಚ್ಚು. ಆದರೂ ಒಂದನೇ ತರಗತಿಯ ಮಕ್ಕಳು ಕೂಡ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದರು, ಯಾವ ಹಿರಿಯರೂ ತಿದ್ದಲಿಲ್ಲ. ಸೆಪ್ಟೆಂಬರ್ 5ರಂದು ಮೇಷ್ಟರಿಗೆ ಹಾರ ಹಾಕುವಾಗ ಕುರ್ಚಿ ಹಾಕಿ, ನೀರು ಚಿಮುಕಿಸಿ, ಅವರು ಬಾಗಿಲ ಬಳಿ ನಿಂತಿರುತ್ತಿದ್ದರು.

ಇಂದು ಎಷ್ಟೋ ಹಳ್ಳಿಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗುಡಿಸಲು, ಶೌಚಾಲಯ ತೊಳೆಯಲು ಯಾರೂ ಇಲ್ಲ. ಆ ಕೆಲಸ ಮಕ್ಕಳ ಪಾಲಿಗೆ ಬರುತ್ತದೆ. ತಮ್ಮ ತರಗತಿಯನ್ನು ತಾವೇ ಗುಡಿಸುವುದು ಒಳ್ಳೆಯ ಅಭ್ಯಾಸವೇ, ಜಪಾನಿನ ಮಕ್ಕಳು ದಿನವೂ ಅದನ್ನು ಸರದಿಯಂತೆ ಮಾಡುತ್ತಾರೆ. ಆದರೆ ಯಾವ ಮಗುವಿನ ಕೈಗೆ ಪೊರಕೆ ಕೊಡಬೇಕೆಂಬುದನ್ನು ಜಾತಿ ನೋಡಿ ನಿರ್ಧರಿಸುವ ಕಡೆ ಶ್ರಮದಾನವೆಂಬ ಮಾತು ಸುಳ್ಳು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಅಮೆರಿಕದಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. ಇಲ್ಲಿಯೂ ಹಲವು ಕಡೆ ಈ ಕೆಲಸವನ್ನು ಗುತ್ತಿಗೆ ಕಂಪನಿಗಳಿಗೆ ವಹಿಸಿದ್ದಾರೆ. ಹಾಗಾದಾಗ ಪಿಂಚಣಿಯೂ ವಿಮೆಯೂ ಕೈತಪ್ಪಬಹುದು, ಮಕ್ಕಳು ಬರೆದುಕೊಡುವ ಶುಭಾಶಯ ಪತ್ರ ಅದನ್ನು ತುಂಬಿಕೊಡಲಾರದು.

ನಾವು ಹೊರನಾಡಿನವರು ಓದಿದ ಶಾಲೆಗೆ ಕಂಪ್ಯೂಟರು, ಸ್ಮಾರ್ಟ್ ಬೋರ್ಡು, ಗೋಡೆಗೆ ಬಣ್ಣ ಎಂದು ಹಣ ಕಳಿಸುತ್ತೇವೆ. ಫಲಕದ ಮೇಲೆ ಹೆಸರು ಕೆತ್ತಿಸಲು ಅವು ಅನುಕೂಲ. ಈ ಸಲ ಹಣ ಕಳಿಸುವ ಮುನ್ನ, ಶೌಚಾಲಯವನ್ನು ಯಾರು ತೊಳೆಯುತ್ತಾರೆ, ಅವರಿಗೆ ತಿಂಗಳಿಗೆ ಎಷ್ಟು ಸಿಗುತ್ತದೆ, ಕೈಗವಸು ಮತ್ತು ಫಿನಾಯಿಲು ಇವೆಯೇ ಎಂದು ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಅಧ್ಯಕ್ಷರನ್ನು ಕೇಳೋಣ. ಒಬ್ಬರ ವರ್ಷದ ಸಂಬಳವನ್ನು ನಾವು ಹತ್ತು ಜನ ಸೇರಿ ಸುಲಭವಾಗಿ ಭರಿಸಬಹುದು. ಮುಂದಿನ ವಾರ್ಷಿಕೋತ್ಸವದಲ್ಲಿ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಲೂಬಹುದು.