ಹಲ್ಲು ಕೀಳಿಸಿದವರ ಕೈಗೆ ಕೊಡುವ ಚೀಟಿ ಕನ್ನಡದಲ್ಲೂ ಇರಲಿ

"ಒಂದು ಹಲ್ಲು ಕೀಳಿಸಿದ್ದಕ್ಕೆ ಇಷ್ಟು ದಿನ ಬೇಕಾ?" ಅಂತ ತುಂಬ ಜನ ಕೇಳಿದರು. ಫೋನಿನಲ್ಲಿ ಜಾಸ್ತಿ ಮಾತಾಡಿದರೆ ಸಂಜೆ ಹೊತ್ತಿಗೆ ದವಡೆ ಸೋಲುತ್ತದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಆರೋಗ್ಯದ ಸುದ್ದಿ ಹೇಳುವುದಕ್ಕಷ್ಟೇ ಅಲ್ಲ. ನಮ್ಮ ಕಾಸರಗೋಡಿನಲ್ಲಿ ಆಗಬೇಕಾದ ಒಂದು ಸಣ್ಣ ಕೆಲಸ ಇದೆ, ಅದನ್ನು ಹೇಳಬೇಕು.

ಕಿತ್ತದ್ದು ಕೆಳಗಿನ ಸಾಲಿನ ಎಡಬದಿಯ ಕೊನೆಯ ಹಲ್ಲು. ಬುದ್ಧಿ ಹಲ್ಲು ಅನ್ನುತ್ತಾರಲ್ಲ, ಅದು. ಅರ್ಧ ಹೊರಗೆ, ಅರ್ಧ ವಸಡಿನ ಒಳಗೆ ಓರೆಯಾಗಿ ಕೂತಿತ್ತು. ವಸಡಿನ ಅಡಿಗೆ ಅಗುಳು ಸೇರಿ ಆಗಾಗ ಊದುತ್ತಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು, ಇದು ಇರುವುದಕ್ಕಿಂತ ಹೋಗುವುದೇ ಒಳ್ಳೆಯದು ಎಂದರು. ನಮ್ಮ ಜಿಲ್ಲೆಯದೇ ಒಂದು ಆಸ್ಪತ್ರೆ. ಕೀಳುವಾಗ ನೋವಾಗಲಿಲ್ಲ, ಕೆಲಸವೂ ಅಚ್ಚುಕಟ್ಟಾಗಿತ್ತು. ಅಲ್ಲಿನ ನರ್ಸಮ್ಮ ತೆಂಕಣ ಕೇರಳದವರು, ತುಂಬ ಒಳ್ಳೆಯವರು. ಗಾಜ್ ಬಟ್ಟೆ ಕಚ್ಚಿಸಿ, ಔಷಧಿ ಕೊಟ್ಟು, ಒಂದು ಅಚ್ಚಾದ ಚೀಟಿ ಕೈಗಿಟ್ಟರು. ಮನೆಗೆ ಹೋದ ಮೇಲೆ ಹೇಗಿರಬೇಕು ಅಂತ ಅದರಲ್ಲಿ ಎಲ್ಲ ಇದೆ, ಓದಿ ಎಂದರು. ಅದು ಮಲಯಾಳದಲ್ಲಿತ್ತು.

ಮಲಯಾಳ ನನಗೆ ಚೆನ್ನಾಗಿ ಮಾತಾಡಲು ಬರುತ್ತದೆ. ಮನೆಯ ಸುತ್ತ ಅದನ್ನು ಮಾತಾಡುವ ಗೆಳತಿಯರಿದ್ದಾರೆ. ಆದರೆ ನಾನು ಓದಿದ್ದು ಪೂರ್ತಿ ಕನ್ನಡ ಮಾಧ್ಯಮದಲ್ಲಿ. ಬಸ್ಸಿನ ಬೋರ್ಡು ಓದುತ್ತೇನೆ, ಅಂಗಡಿ ಹೆಸರು ಓದುತ್ತೇನೆ. ಸಣ್ಣ ಅಕ್ಷರದ ಇಡೀ ಪುಟ, ಅದೂ ವೈದ್ಯರ ಮಾತು, ಓದಲು ಬರುವುದಿಲ್ಲ. ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ, ಪೈವಳಿಕೆ ಕಡೆ ನನ್ನ ಪ್ರಾಯದವರಲ್ಲಿ ಹೀಗಿರುವವರು ಎಷ್ಟು ಮಂದಿ ಬೇಕು? ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಏನೇ ಆಡಲಿ, ಓದುವುದು ಕನ್ನಡದಲ್ಲಿ.

ಮೊದಲ ಎರಡು ದಿನ ಸುಮಾರಾಗಿ ಹೋಯಿತು. ಆಮೇಲೆ ಊತ ಇಳಿಯುವ ಬದಲು ಗಟ್ಟಿಯಾಗುತ್ತಾ ಬಂತು. ಕೆನ್ನೆಯಿಂದ ದವಡೆಯ ಅಡಿಗೆ ಇಳಿಯಿತು. ಮುಟ್ಟಿದರೆ ಹಲಗೆ. ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಚಳಿ ಜ್ವರ ಬೇರೆ. ಮನೆಗೆ ಬಂದವರದ್ದು ಒಬ್ಬೊಬ್ಬರದು ಒಂದೊಂದು ಮಾತು. ಬಿಸಿ ಶಾಖ ಕೊಡಿ ಎಂದರು ಒಬ್ಬರು. ಅರಸಿನ ಅರೆದು ಹಚ್ಚಿ ಎಂದರು ಇನ್ನೊಬ್ಬರು. ಹಲ್ಲು ಕಿತ್ತಾಗ ಇದೆಲ್ಲ ಇದ್ದದ್ದೇ, ವಾರ ಕಳೆದರೆ ಸರಿಯಾಗುತ್ತದೆ ಎಂದು ಅತ್ತೆ ಸಮಾಧಾನ ಮಾಡಿದರು. ಎಲ್ಲರದ್ದೂ ಪ್ರೀತಿಯೇ.

ಅಷ್ಟರಲ್ಲಿ ಉಪ್ಪಳದಿಂದ ನಾದಿನಿಯ ಫೋನ್ ಬಂತು. ಅವಳು ಹಿಂದೆ ನರ್ಸ್ ಆಗಿ ಕೆಲಸ ಮಾಡಿದವಳು. ನಾನು ಎರಡು ಮಾತು ಆಡುವುದರೊಳಗೆ ಕೇಳಿದಳು, "ಅತ್ತಿಗೆ, ನೀವು ನಿಮ್ಮ ಉಗುಳು ನುಂಗ್ತಾ ಇದ್ದೀರಾ, ಇಲ್ಲ ಒರೆಸ್ತಾ ಇದ್ದೀರಾ?" ನನ್ನ ಕೈಯಲ್ಲಿ ಟವೆಲ್ ಇತ್ತು. ನುಂಗಲಾಗದೆ ಒರೆಸುತ್ತಿದ್ದೆ. "ಅಣ್ಣನಿಗೆ ಫೋನ್ ಕೊಡಿ" ಎಂದಳು. ಆಮೇಲೆ ಆ ಚೀಟಿಯ ಫೋಟೋ ಕಳಿಸಲು ಹೇಳಿದಳು. ಮಗಳು ವಾಟ್ಸಾಪಿನಲ್ಲಿ ಕಳಿಸಿದಳು. ಅದರಲ್ಲಿ ಕೆಳಗಿನ ಭಾಗದಲ್ಲಿ ಸ್ಪಷ್ಟವಾಗಿ ಬರೆದಿತ್ತಂತೆ: ಮೂರು ದಿನದ ಮೇಲೂ ಊತ ಏರುತ್ತಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ, ನುಂಗಲು ಕಷ್ಟವಾದರೆ ಕಾಯದೆ ಬನ್ನಿ ಅಂತ. ನಮ್ಮ ಊಟದ ಮೇಜಿನ ಮೇಲೆ, ಔಷಧಿ ಡಬ್ಬಿಯ ಅಡಿಯಲ್ಲಿ ಅಷ್ಟು ದಿನ ಆ ಮಾತು ಇತ್ತು.

ಅದೇ ರಾತ್ರಿ ಹೊರಟೆವು. ಸೀತಾಂಗೋಳಿ, ಕುಂಬಳೆ, ಆಮೇಲೆ ಹೆದ್ದಾರಿ ಹಿಡಿದು ತಲಪಾಡಿ ದಾಟಿ ಮಂಗಳೂರಿನ ಕಡೆ. ಮಲಗಿದರೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ದಾರಿಯುದ್ದಕ್ಕೂ ಮುಂದಕ್ಕೆ ಬಾಗಿ ಕೂತಿದ್ದೆ.

ಅಲ್ಲಿ ಸರ್ಜನ್ ಒಬ್ಬರು ಮರುದಿನ ನಮ್ಮವರಿಗೆ ಕಾಗದದ ಮೇಲೆ ಚಿತ್ರ ಬಿಡಿಸಿ ವಿವರಿಸಿದರು. ನಾಲಿಗೆಯ ಅಡಿಯಲ್ಲಿ, ದವಡೆಯ ಈ ಬದಿಯಿಂದ ಆ ಬದಿಗೆ ಒಂದು ಸ್ನಾಯು ಹಾಸಿಕೊಂಡಿರುತ್ತದೆ. ಮುಂದಿನ ಹಲ್ಲುಗಳ ಬೇರು ಅದರ ಮೇಲೆಯೇ ಮುಗಿಯುತ್ತದೆ. ಕೊನೆಯ ದವಡೆ ಹಲ್ಲುಗಳ ಬೇರು ಮಾತ್ರ ಅದಕ್ಕಿಂತ ಕೆಳಗೆ ಇಳಿದಿರುತ್ತದೆ. ಅಲ್ಲಿ ಸೋಂಕಾದರೆ ಕೀವು ಬಾಯಿಯೊಳಗೆ ಒಡೆಯುವ ಬದಲು ದವಡೆಯ ಅಡಿಗೆ, ಕುತ್ತಿಗೆಯ ಕಡೆಗೆ ಇಳಿಯಬಹುದು. ಎರಡೂ ಬದಿಗೆ ಹಬ್ಬಿದರೆ ನಾಲಿಗೆಯನ್ನೇ ಮೇಲಕ್ಕೆತ್ತಿ ಉಸಿರಿನ ದಾರಿ ಮುಚ್ಚುತ್ತದೆ. ಜರ್ಮನಿಯ ಡಾಕ್ಟರ್ ಲುಡ್‌ವಿಗ್ 1836ರಲ್ಲಿ ಇದನ್ನು ವಿವರವಾಗಿ ಬರೆದರು. ಇಂದಿಗೂ ಅದಕ್ಕೆ ಲುಡ್‌ವಿಗ್ಸ್ ಆಂಜೈನಾ ಅಂತಲೇ ಹೆಸರು. ಪೆನಿಸಿಲಿನ್ ಬರುವ ಮೊದಲು ಈ ಕಾಯಿಲೆ ಬಂದವರಲ್ಲಿ ಅರ್ಧಕ್ಕರ್ಧ ಜನ ಉಳಿಯುತ್ತಿರಲಿಲ್ಲ. ನನ್ನದು ಒಂದೇ ಬದಿಯಲ್ಲಿತ್ತು. ಸಮಯಕ್ಕೆ ಬಂದಿರಿ ಎಂದರು.

ದವಡೆಯ ಅಡಿಯಲ್ಲಿ ಸಣ್ಣದಾಗಿ ಕೊಯ್ದು ಕೀವು ತೆಗೆದರು. ಮತ್ತೆ ಕಟ್ಟಿಕೊಳ್ಳದಿರಲಿ ಅಂತ ರಬ್ಬರಿನ ಒಂದು ತುಂಡನ್ನು ಅಲ್ಲೇ ಇಟ್ಟು ಬ್ಯಾಂಡೇಜ್ ಸುತ್ತಿದರು. ಕೀವನ್ನು ಪರೀಕ್ಷೆಗೆ ಕಳಿಸಿದರು, ಸಕ್ಕರೆ ಕಾಯಿಲೆ ಇದೆಯೇ ಅಂತ ರಕ್ತ ನೋಡಿದರು. ಸಕ್ಕರೆ ಜಾಸ್ತಿ ಇದ್ದವರಿಗೆ ಇಂಥ ಸೋಂಕು ಬೇಗ ಹಬ್ಬುತ್ತದೆ. ಎಲೆಯಡಿಕೆ ತಿನ್ನುತ್ತೀರಾ ಎಂದೂ ಕೇಳಿದರು. ಅಡಿಕೆ ಅಗಿಯುವವರಲ್ಲಿ ಬಾಯಿಯ ಒಳಪದರ ಬಿಗಿದು ಬಾಯಿ ತೆರೆಯಲಾಗದ ಕಾಯಿಲೆ ಬರುತ್ತದೆ, ಅದಲ್ಲ ಅಂತ ಖಚಿತ ಮಾಡಿಕೊಳ್ಳಲು. ಅಡಿಕೆ ತೋಟದ ನಡುವೆ ಬದುಕುವ ನಮ್ಮವರು ಇದನ್ನೂ ಗಮನಿಸಬೇಕು.

ಗುಣವಾಗುವ ದಿನಗಳೇ ಉದ್ದ. ಕೀವು ಹೋದ ಕೂಡಲೇ ನೋವು ಇಳಿಯಿತು, ಆದರೆ ದವಡೆಯ ಸ್ನಾಯು ಬಿಗಿದುಕೊಂಡೇ ಇತ್ತು. ಅದನ್ನು ಬಿಡಿಸಲು ಕೊಟ್ಟ ಉಪಾಯ ಐಸ್‌ಕ್ರೀಮಿನ ಕಡ್ಡಿ. ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಡಬೇಕು. ಸ್ವಲ್ಪ ಹೊತ್ತು ಹಾಗೇ ಹಿಡಿಯಬೇಕು. ಅಭ್ಯಾಸವಾದ ಮೇಲೆ ನಡುವೆ ಇನ್ನೊಂದು ಕಡ್ಡಿ ತೂರಿಸಬೇಕು. ಆ ಒಂದು ಕಡ್ಡಿ ಎಷ್ಟು ದಪ್ಪ ಇದ್ದೀತು? ಆದರೆ ಅದು ಒಳಗೆ ಹೋಗುವಾಗ ಕಿವಿಯ ಮುಂದಿನ ಕೀಲಿನಿಂದ ತಲೆಯವರೆಗೆ ಎಳೆಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಮಗಳು ಎದುರು ಕೂತು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದಳು. ಸಾಧಾರಣವಾಗಿ ದೊಡ್ಡವರ ಬಾಯಲ್ಲಿ ಅವರದೇ ಮೂರು ಬೆರಳು ನಿಲ್ಲಿಸಿ ಇಡುವಷ್ಟು ಜಾಗ ಆಗಬೇಕಂತೆ. ಈಗ ನನಗೆ ಎರಡು ಬೆರಳು ಸಲೀಸು, ಮೂರನೆಯದು ಒತ್ತಾಯದಲ್ಲಿ ಹೋಗುತ್ತದೆ. ಕೆಳತುಟಿಯ ಎಡ ಮೂಲೆಯಲ್ಲಿ ಇನ್ನೂ ಜೋಮು ಇದೆ. ದವಡೆ ಎಲುಬಿನೊಳಗೆ ಹಾದುಹೋಗುವ ನರಕ್ಕೆ ಪೆಟ್ಟಾದದ್ದು, ನಿಧಾನವಾಗಿ ಬರುತ್ತದೆ ಎಂದಿದ್ದಾರೆ. ಹಲ್ಲು ಕಿತ್ತ ಗುಂಡಿಯ ಮೇಲೆ ವಸಡು ಮುಚ್ಚಲು ಮೂರು ನಾಲ್ಕು ವಾರ ಸಾಕು, ಒಳಗೆ ಎಲುಬು ತುಂಬಲು ತಿಂಗಳುಗಳೇ ಬೇಕು. "ಇಷ್ಟು ದಿನ ಬೇಕಾ?" ಎಂದವರಿಗೆ ಇದೇ ಉತ್ತರ.

ಊಟ ಅಂದರೆ ಕುಚ್ಚಲಕ್ಕಿ ಗಂಜಿಯ ತಿಳಿ, ಖಾರ ಹಾಕದ ತಂಬುಳಿ, ರಾಗಿ ಮಣ್ಣಿ. ಮೆಟ್ರೊನಿಡಜೋಲ್ ಅನ್ನುವ ಆಂಟಿಬಯೋಟಿಕ್ ಮಾತ್ರೆಗೆ ಬಾಯೆಲ್ಲ ತಾಮ್ರದ ರುಚಿ, ಗಂಜಿಯೂ ಸೇರುತ್ತಿರಲಿಲ್ಲ. ಆದರೂ ಕೋರ್ಸ್ ಮುಗಿಸಲೇಬೇಕು. ನೋವು ಹೋಯಿತು ಅಂತ ನಡುವೆ ಬಿಟ್ಟುಬಿಡುವವರು ನಮ್ಮಲ್ಲಿ ತುಂಬ ಮಂದಿ.

ಈಗ ನನ್ನ ಮಾತಿಗೆ ಬರುತ್ತೇನೆ. ಹಲ್ಲಿನ ಡಾಕ್ಟರ ಕೆಲಸ ಅರ್ಧ ಗಂಟೆಯದ್ದು. ಆಮೇಲಿನದ್ದೆಲ್ಲ ಮನೆಯಲ್ಲಿ ನಡೆಯುವುದು, ರೋಗಿಯ ಕೈಯಲ್ಲಿ ಇರುವುದು. ಕಿತ್ತ ಜಾಗದಲ್ಲಿ ರಕ್ತ ಹೆಪ್ಪುಗಟ್ಟಬೇಕು, ಅದೇ ಅಲ್ಲಿನ ರಕ್ಷಣೆ. ಅದು ಕಿತ್ತುಹೋಗಬಾರದು ಅಂತಲೇ ಮೊದಲ ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಬಿಸಿ ಕುಡಿಯಬಾರದು. ಬೀಡಿ ಸಿಗರೇಟಂತೂ ಕೂಡದು. ಬೊಂಡ ಕುಡಿಯುವುದಿದ್ದರೂ ಸ್ಟ್ರಾ ಹಾಕಿ ಎಳೆಯಬಾರದು, ಲೋಟಕ್ಕೆ ಬಗ್ಗಿಸಿ ಕುಡಿಯಬೇಕು. ಉಪ್ಪು ನೀರಿನ ಮುಕ್ಕಳಿಕೆ ಒಂದು ದಿನ ಕಳೆದ ಮೇಲೆ. ಹೆಪ್ಪು ಬಿದ್ದುಹೋಗಿ ಎಲುಬು ತೆರೆದುಕೊಂಡರೆ ಮೂರನೆಯ ದಿನದ ಹೊತ್ತಿಗೆ ಕಿವಿವರೆಗೆ ಎಳೆಯುವ ನೋವು ಬರುತ್ತದೆ. ಡ್ರೈ ಸಾಕೆಟ್ ಅನ್ನುತ್ತಾರೆ. ಅದು ತುಂಬ ಸತಾಯಿಸುತ್ತದೆ, ಆದರೆ ಡಾಕ್ಟರು ತೊಳೆದು ಔಷಧಿ ಇಟ್ಟರೆ ಶಮನವಾಗುತ್ತದೆ. ಊತ ಏರುತ್ತಾ ಜ್ವರ ಬರುವುದು, ಬಾಯಿ ಬಿಗಿಯುವುದು, ನುಂಗಲಾಗದಿರುವುದು ಬೇರೆಯೇ ವಿಷಯ. ಅಲ್ಲಿ ಒಂದು ರಾತ್ರಿಯೂ ದೊಡ್ಡದು. ಇವೆರಡರ ನಡುವಿನ ವ್ಯತ್ಯಾಸ ರೋಗಿಗೆ ಗೊತ್ತಿರಬೇಕು. ಮನೆಯವರಿಗೂ ಗೊತ್ತಿರಬೇಕು. ಯಾಕೆಂದರೆ ಹೊರಡುವುದಾ, ಬೆಳಗಿನವರೆಗೆ ನೋಡುವುದಾ ಅಂತ ತೀರ್ಮಾನಿಸುವವರು ಮನೆಯವರೇ.

ನಮ್ಮ ಊರಿನಲ್ಲಿ ಈ ತೀರ್ಮಾನ ಇನ್ನೂ ಕಷ್ಟ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದರೂ ಗಂಭೀರ ಅಂದ ಕೂಡಲೇ ನಮ್ಮ ಗಾಡಿಗಳು ಉತ್ತರಕ್ಕೇ ತಿರುಗುತ್ತವೆ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಆ ದಾರಿ ನಮಗೆ ಏನು ಅಂತ ಎಲ್ಲರಿಗೂ ಗೊತ್ತಾಯಿತು. ಆಸ್ಪತ್ರೆ ಮುಟ್ಟಲಾಗದೆ ಜೀವ ಹೋದವರಿದ್ದಾರೆ. ಪ್ರಕರಣ ಕೇರಳ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ದೂರ ಇರುವವರಿಗೆ ಯಾವಾಗ ಹೊರಡಬೇಕು ಅಂತ ಹೇಳುವ ಕಾಗದ ಮಾತ್ರೆಯಷ್ಟೇ ಮುಖ್ಯ. ಅದನ್ನು ಓದಲು ಬಾರದ ಲಿಪಿಯಲ್ಲಿ ಕೊಟ್ಟರೆ ಕೊಟ್ಟ ಹಾಗಾಗುವುದಿಲ್ಲ.

ದಯವಿಟ್ಟು ಇದನ್ನು ಭಾಷೆಯ ಜಗಳ ಮಾಡಬೇಡಿ. ಮಲಯಾಳದ ಚೀಟಿ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಅದರ ಹಿಂಬದಿಯಲ್ಲಿ ಕನ್ನಡವನ್ನೂ ಅಚ್ಚು ಹಾಕಿ ಅಂತ ಕೇಳುತ್ತಿದ್ದೇನೆ. ಇದು ಹೊಸ ಬೇಡಿಕೆಯೂ ಅಲ್ಲ. ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಲು ಕೇರಳದ 1969ರ ಅಧಿಕೃತ ಭಾಷೆಯ ಕಾನೂನಿನಲ್ಲೇ ಅವಕಾಶ ಕೊಟ್ಟಿದ್ದರು. ನಮ್ಮ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರುತ್ತದೆ. ಪರೀಕ್ಷೆಗೆ ಕನ್ನಡ ಇರಬಹುದಾದರೆ ಆಸ್ಪತ್ರೆಯ ಚೀಟಿಗೆ ಯಾಕೆ ಇರಬಾರದು? ಕೇರಳದ ಆರೋಗ್ಯ ಇಲಾಖೆಗೆ ಮನಸ್ಸಿದ್ದರೆ ಏನು ಮಾಡಲು ಸಾಧ್ಯ ಅಂತಲೂ ಕಂಡಿದ್ದೇನೆ. 2024ರಿಂದ ಆಂಟಿಬಯೋಟಿಕ್ ಮಾತ್ರೆಗಳನ್ನು ನೀಲಿ ಕವರಿನಲ್ಲಿ ಕೊಡುವ ಕ್ರಮ ತಂದರು. ಬಣ್ಣ ನೋಡಿದರೆ ಸಾಕು, ಓದಲು ಬಾರದವರಿಗೂ ಇದು ಹುಷಾರಾಗಿ ನುಂಗಬೇಕಾದ ಮಾತ್ರೆ ಅಂತ ತಿಳಿಯುತ್ತದೆ. ಎಷ್ಟು ಒಳ್ಳೆಯ ಆಲೋಚನೆ ಅಲ್ವಾ? ಅಂಥ ಇಲಾಖೆಗೆ ಒಂದು ಪುಟ ಕನ್ನಡ ಭಾರವಾಗಲಾರದು.

ಇದಕ್ಕೆ ಸರಕಾರವನ್ನೇ ಕಾಯಬೇಕಾಗಿಲ್ಲ. ನಮ್ಮಲ್ಲಿ ಕನ್ನಡ ಬಲ್ಲ ಹಲ್ಲಿನ ಡಾಕ್ಟರು ಬೇಕಷ್ಟು ಇದ್ದಾರೆ. ಕನ್ನಡ ಮೇಷ್ಟ್ರುಗಳಿದ್ದಾರೆ. ನಾನು ನಾದಿನಿಯ ಜೊತೆ ಕೂತು ಒಂದು ಪುಟ ಬರೆದಿದ್ದೇನೆ. ದೊಡ್ಡ ಅಕ್ಷರ, ಸಣ್ಣ ಸಣ್ಣ ಮಾತು. ಮೊದಲ ದಿನ ಏನು ಮಾಡಬೇಕು, ಮರುದಿನದಿಂದ ಏನು ಮಾಡಬೇಕು ಅಂತ ಇದೆ. ಯಾವುದು ಕಂಡರೆ ಕಾಯದೆ ಹೊರಡಬೇಕು ಅನ್ನುವುದನ್ನು ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ ಇಟ್ಟಿದ್ದೇವೆ. ಆಸ್ಪತ್ರೆಯ ಫೋನ್ ನಂಬರ್ ಬರೆಯಲು ಕೆಳಗೆ ಜಾಗ ಬಿಟ್ಟಿದ್ದೇವೆ. ವೈದ್ಯರು ಯಾರಾದರೂ ಅದನ್ನು ತಿದ್ದಿಕೊಡಬೇಕು. ಅವರು ಸರಿ ಅನ್ನದೆ ಯಾರಿಗೂ ಹಂಚುವುದಿಲ್ಲ.

ಕುಂಬಳೆ, ಬದಿಯಡ್ಕ, ಮಂಜೇಶ್ವರ, ಉಪ್ಪಳ, ಕಾಸರಗೋಡಿನಲ್ಲಿ ಹಲ್ಲಿನ ಕ್ಲಿನಿಕ್ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೆಸೇಜ್ ಮಾಡಿ, ಕರಡು ಕಳಿಸುತ್ತೇನೆ. ತಿದ್ದಿ ಆದ ಮೇಲೆ ಮೊದಲ ಕಂತು ಅಚ್ಚು ಹಾಕಿಸುವ ಖರ್ಚು ನಮ್ಮದು. ನಿಮ್ಮ ಮನೆಯಲ್ಲಿ ಯಾರಾದರೂ ಹಲ್ಲು ಕೀಳಿಸುವುದಿದ್ದರೆ, ಚೀಟಿ ತಯಾರಾಗುವವರೆಗೆ, ಅಲ್ಲಿ ಕೊಟ್ಟ ಕಾಗದವನ್ನು ಓದಲು ಬರುವವರ ಹತ್ತಿರ ಅದೇ ದಿನ ಪೂರ್ತಿ ಓದಿಸಿ ಕೇಳಿಕೊಳ್ಳಿ. ಕೌಂಟರಿನಲ್ಲಿ ನಿಂತೇ ಕೇಳಿ. ನರ್ಸಮ್ಮಂದಿರು ಓದಿ ಹೇಳುತ್ತಾರೆ.