ಸನ್ಮಾನದ ದಿನವೂ ಡ್ಯೂಟಿ

ಸನ್ಮಾನ ಅಂದ ತಕ್ಷಣ ನನ್ನ ಕಣ್ಣ ಮುಂದೆ ಬರುವುದು ಒಂದು ದೊಡ್ಡ ಕುರ್ಚಿ. ಅದರಲ್ಲಿ ಕೂತವರು ತಮ್ಮ ಬಗ್ಗೆ ಬೇರೆಯವರು ಆಡುವ ಮಾತನ್ನು ಗಂಟೆಗಟ್ಟಲೆ ಕೇಳಬೇಕು. ಆಕಳಿಸುವ ಹಾಗಿಲ್ಲ. ಜಾಸ್ತಿ ನಗುವ ಹಾಗೂ ಇಲ್ಲ.

ಜಾಜ್ ಸಂಗೀತದವರಿಗೆ ಈ ವಿಷಯದಲ್ಲಿ ಕರುಣೆ ಕಡಿಮೆ. ಹಿರಿಯರಿಗೆ ಗೌರವ ಅಂತ ಕರೆದು ಅವರ ಕೈಯಲ್ಲೇ ಕೆಲಸ ಮಾಡಿಸುತ್ತಾರೆ. ಅಮೆರಿಕದ ಪಿಯಾನೊ ವಾದಕ ಎಲ್ಲಿಸ್ ಮಾರ್ಸಾಲಿಸ್ ಅವರಿಗೂ ಹಾಗೇ ಆಯಿತು. ನ್ಯೂ ಆರ್ಲಿಯನ್ಸ್ ವಿಶ್ವವಿದ್ಯಾಲಯದಲ್ಲಿ 12 ವರ್ಷ ಜಾಜ್ ಕಲಿಸಿ ನಿವೃತ್ತರಾದರು. ಅದೇ ನೆಪದಲ್ಲಿ 2001ರ ಆಗಸ್ಟ್‌ನಲ್ಲಿ ಅಲ್ಲೇ ಒಂದು ಕಛೇರಿ ನಡೆಯಿತು. ಸ್ಯಾಕ್ಸೊಫೋನ್ ಹಿಡಿದು ಬ್ರ್ಯಾನ್‌ಫರ್ಡ್, ಟ್ರಂಪೆಟ್ ಹಿಡಿದು ವಿಂಟನ್, ಟ್ರೊಂಬೋನ್ ಹಿಡಿದು ಡೆಲ್ಫಿಯೊ, ಡ್ರಮ್ಸ್ ಮುಂದೆ ಜೇಸನ್. ನಾಲ್ವರೂ ಮಕ್ಕಳೇ. ಅಪ್ಪ ಪಿಯಾನೊ. ಬೇಸ್ ಅನ್ನುವ ತಗ್ಗು ಸ್ವರದ ತಂತಿವಾದ್ಯ ನುಡಿಸಲು ಮಾತ್ರ ಹೊರಗಿನವರು ಬರಬೇಕಾಯಿತು. ಇಷ್ಟೆಲ್ಲ ಇರುವ ಮನೆಯಲ್ಲಿ ಅದೊಂದು ಹೇಗೆ ತಪ್ಪಿಹೋಯಿತೋ!

ಆ ಕಛೇರಿಯ ರೆಕಾರ್ಡಿಂಗ್ ಕೇಳುವಾಗ ನನ್ನ ಕಿವಿ ಹೋಗುವುದು ಮಕ್ಕಳ ಕಡೆಗಲ್ಲ. ಅವರ ಹಿಂದೆ ಅಪ್ಪ ಏನು ಮಾಡುತ್ತಿದ್ದಾರೆ ಅನ್ನುವ ಕಡೆಗೆ. ಒಬ್ಬರು ಮುಂದೆ ನಿಂತು ಮನೋಧರ್ಮದಿಂದ ನುಡಿಸುವಾಗ ಪಿಯಾನೊದವರು ಹಿಂದಿನಿಂದ ಸಣ್ಣ ಸಣ್ಣ ಸ್ವರಗೊಂಚಲು ಕೊಡುತ್ತಾ ಹೋಗುತ್ತಾರೆ. ಇದಕ್ಕೆ ಕಾಂಪಿಂಗ್ ಅನ್ನುತ್ತಾರೆ. ನನ್ನ ಪ್ರಕಾರ ಇದು ಕಥೆಗೆ ಹೂಂಗುಟ್ಟುವ ಕೆಲಸ. ಹೂಂಗುಟ್ಟುವವರು ಸುಮ್ಮನಾದರೆ ಕಥೆ ಸೊರಗುತ್ತದೆ. ಜಾಸ್ತಿ ಹೂಂಗುಟ್ಟಿದರೆ ಹೇಳುವವರಿಗೆ ಸಿಟ್ಟು ಬರುತ್ತದೆ. ಮಗ ಮಾತಾಡುವಾಗ ನಡುವೆ ಬಾಯಿ ಹಾಕದ ಅಪ್ಪ ಸಿಗುವುದು ಕಷ್ಟ, ಅಲ್ವಾ? ಇಲ್ಲಿ ನಾಲ್ಕು ಮಕ್ಕಳು, ಒಬ್ಬರಾದ ಮೇಲೆ ಒಬ್ಬರು. ಅಪ್ಪ ಹೂಂ, ಹೂಂ ಅನ್ನುತ್ತಲೇ ಇದ್ದಾರೆ.

ವಿಂಟನ್‌ಗೆ ಮೊದಲ ಟ್ರಂಪೆಟ್ ಸಿಕ್ಕಿದ್ದು ಆರನೇ ವಯಸ್ಸಿನಲ್ಲಿ. ಕೊಟ್ಟವರು ಟ್ರಂಪೆಟ್ ವಾದಕ ಅಲ್ ಹರ್ಟ್. ಅವರ ತಂಡದಲ್ಲಿ ಎಲ್ಲಿಸ್ ಆಗ ಪಿಯಾನೊ ನುಡಿಸುತ್ತಿದ್ದರು. ಮುಂದೆ ಆ ಹುಡುಗ ಅಪ್ಪನಿಗಿಂತ ಎಷ್ಟೋ ಪಾಲು ಹೆಸರು ಮಾಡಿದ. 1997ರಲ್ಲಿ ಸಂಗೀತಕ್ಕೆ ಕೊಡುವ ಪುಲಿಟ್ಜರ್ ಪ್ರಶಸ್ತಿ ಕೂಡ ಬಂತು. ಎಷ್ಟೋ ಜನಕ್ಕೆ ಎಲ್ಲಿಸ್ ಪರಿಚಯವಾಗಿದ್ದೇ ‘ವಿಂಟನ್ ಅವರ ತಂದೆ’ ಅಂತ. ಅದಕ್ಕೂ ಅವರು ಹೂಂ ಅಂದಿರಬೇಕು.

ಅಂದಹಾಗೆ, ಅವರಿಗೆ ಗಂಡುಮಕ್ಕಳು ಆರು. ಸಂಗೀತದ ಮನೆತನ ಅಂದಾಗ ಉಳಿದ ಇಬ್ಬರ ಲೆಕ್ಕ ಯಾರೂ ಇಡುವುದಿಲ್ಲ. ಅವರಲ್ಲಿ ಒಬ್ಬರು, ಅಪ್ಪನ ಹೆಸರನ್ನೇ ಇಟ್ಟುಕೊಂಡ ಎಲ್ಲಿಸ್, ಕವಿತೆ ಮತ್ತು ಫೋಟೊಗ್ರಫಿ ಕಡೆ ಹೋದರು. ಅಷ್ಟೊಂದು ವಾದ್ಯಗಳಿರುವ ಮನೆಯಲ್ಲಿ ಕ್ಯಾಮೆರಾ ಹಿಡಿದವನಿಗೆ ಒಂದು ಅನುಕೂಲವಂತೂ ಇದೆ. ಅದು ಸದ್ದು ಮಾಡುವುದಿಲ್ಲ.

ನಿವೃತ್ತಿಯ ಕಛೇರಿ ಮುಗಿಯಿತು, ಚಪ್ಪಾಳೆಯೂ ಆಯಿತು. ಇನ್ನು ಮನೆಯಲ್ಲಿ ಕಾಲು ಚಾಚಿ ಕೂರಬಹುದಿತ್ತು. ಎಲ್ಲಿಸ್ ಕೂರಲಿಲ್ಲ. ಅದೇ ಊರಿನ ಫ್ರೆಂಚ್‌ಮೆನ್ ಬೀದಿಯ ಸ್ನಗ್ ಹಾರ್ಬರ್ ಜಾಜ್ ಕ್ಲಬ್ಬಿನಲ್ಲಿ ಶುಕ್ರವಾರ ರಾತ್ರಿಯ ಪಿಯಾನೊ ಅವರದೇ ಆಗಿತ್ತು. ಅವರು ತೀರಿಕೊಂಡದ್ದು 2020ರ ಏಪ್ರಿಲ್ 1ರಂದು, 85ನೇ ವಯಸ್ಸಿನಲ್ಲಿ. ಅದಕ್ಕೆ ಕೆಲವೇ ತಿಂಗಳ ಹಿಂದಿನವರೆಗೂ ಶುಕ್ರವಾರ ಬಂದರೆ ಅವರು ಅಲ್ಲಿ ಹಾಜರು.